ತಿಪಟೂರಿನ ತೆಂಗಿನ ಪುಡಿ ಬಂದರಿನಲ್ಲಿ ನೆನೆದರೆ ನಷ್ಟ ಯಾರದು?

[ಪರದೆಯ ಮೇಲೆ: ಇನ್‌ವಾಯ್ಸ್. ‘ಎಫ್‌ಒಬಿ ಚೆನ್ನೈ’ ಎಂಬ ಸಾಲಿಗೆ ಗುರುತು.]

ನಮಸ್ಕಾರ. ತುಮಕೂರು ಜಿಲ್ಲೆಯ ತಿಪಟೂರಿನ ಕಾರ್ಖಾನೆಯೊಂದು ದುಬೈನ ವ್ಯಾಪಾರಿಗೆ ಒಂದು ಕಂಟೇನರ್ ತೆಂಗಿನ ಪುಡಿ ಮಾರಿದೆ ಎಂದುಕೊಳ್ಳಿ. ಮಾಲು ಲಾರಿಯಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್ ಕಂಟೇನರ್ ಡಿಪೋಗೆ ಬಂದು, ಅಲ್ಲಿಂದ ರೈಲಿನಲ್ಲಿ ಚೆನ್ನೈ ಬಂದರು ತಲುಪುತ್ತದೆ. ಯಾರ್ಡಿನಲ್ಲಿ ಎತ್ತಿಡುವಾಗ ಕಂಟೇನರಿನ ಚಾವಣಿ ತೂತಾಗಿ, ರಾತ್ರಿಯ ಮಳೆನೀರು ಒಳಗಿಳಿದು ಚೀಲಗಳು ನೆನೆಯುತ್ತವೆ. ತೇವ ಹಿಡಿದ ಪುಡಿ ಮುಗ್ಗಲು ಬಂದು ಯಾವ ಬೇಕರಿಗೂ ಬೇಡವಾಗುತ್ತದೆ. ಹಡಗು ಇನ್ನೂ ಬಂದಿಲ್ಲ.

ಇನ್‌ವಾಯ್ಸ್‌ನಲ್ಲಿ ಎಫ್‌ಒಬಿ (‘ಫ್ರೀ ಆನ್ ಬೋರ್ಡ್’, ಅಂದರೆ ಹಡಗಿಗೇರಿಸಿ ಒಪ್ಪಿಸುವುದು) ಎಂದು ಬರೆದಿದ್ದರೆ ಈ ನಷ್ಟ ಪೂರ್ತಿಯಾಗಿ ತಿಪಟೂರಿನವರದು, ಏಕೆಂದರೆ ಆ ನಿಯಮದಲ್ಲಿ ಮಾಲು ಹಡಗಿನ ಮೇಲೆ ಏರಿದ ನಂತರವೇ ಹೊಣೆ ಕೊಳ್ಳುವವರಿಗೆ ದಾಟುತ್ತದೆ. ಅದೇ ಮಾಲಿಗೆ ‘ಎಫ್‌ಸಿಎ ವೈಟ್‌ಫೀಲ್ಡ್ ಡಿಪೋ’ (‘ಫ್ರೀ ಕ್ಯಾರಿಯರ್’, ಅಂದರೆ ಸಾಗಣೆದಾರರಿಗೆ ಒಪ್ಪಿಸುವುದು) ಎಂದು ಬರೆದಿದ್ದರೆ, ಕೊಳ್ಳುವವರು ಗೊತ್ತುಮಾಡಿದ ಸಾಗಣೆದಾರರಿಗೆ ಡಿಪೋದಲ್ಲಿ ಕಂಟೇನರ್ ಒಪ್ಪಿಸಿದಾಗಲೇ ಮಾರಿದವರ ಹೊಣೆ ಮುಗಿದಿರುತ್ತಿತ್ತು, ಬಂದರಿನ ಮಳೆ ದುಬೈನವರ ಲೆಕ್ಕಕ್ಕೆ ಸೇರುತ್ತಿತ್ತು.

ಪ್ಯಾರಿಸ್ಸಿನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯು 1936ರಲ್ಲಿ ಮೊದಲು ಹೊರತಂದ ಈ ಇನ್ಕೋಟರ್ಮ್ಸ್, ಅಂದರೆ ಮಾರುವವರ ಮತ್ತು ಕೊಳ್ಳುವವರ ನಡುವೆ ಖರ್ಚು, ಹೊಣೆ ಹಂಚುವ ನಿಯಮಗಳ 2020ರ ಆವೃತ್ತಿಯಲ್ಲಿ ಎಫ್‌ಒಬಿ, ಎಫ್‌ಸಿಎಯಂಥ ಹನ್ನೊಂದು ಪದಗಳಿವೆ. ಕಂಟೇನರ್ ಮಾಲಿಗೆ ಎಫ್‌ಒಬಿ ಹೊಂದುವುದಿಲ್ಲ ಎಂದು ಮಂಡಳಿಯೇ ಹೇಳಿದ್ದರೂ ನಮ್ಮ ಅನೇಕ ಸಣ್ಣ ರಫ್ತುದಾರರು ಅದನ್ನೇ ಬರೆಯುತ್ತಾರೆ, ತಮ್ಮ ಕೈಬಿಟ್ಟ ಮಾಲಿಗೆ ದಿನಗಟ್ಟಲೆ ತಾವೇ ಹೊಣೆಯಾಗುತ್ತಾರೆ. ಹಡಗಿಗೇರಿದ ಗುರುತುಳ್ಳ ಬಿಲ್ ಆಫ್ ಲೇಡಿಂಗ್ (ಸಾಗಣೆದಾರರು ಕೊಡುವ ಸರಕಿನ ರಸೀದಿ) ಅನ್ನು ಬ್ಯಾಂಕು ಕೇಳುತ್ತದೆ ಎಂಬುದು ಒಂದು ಕಾರಣ. ಆದರೆ ಎಫ್‌ಸಿಎಯಲ್ಲಿಯೂ ಅಂಥ ಬಿಲ್ ಕೊಡುವಂತೆ ಕೊಳ್ಳುವವರು ಸಾಗಣೆದಾರರಿಗೆ ಸೂಚಿಸಬೇಕೆಂದು ಇಬ್ಬರೂ ಒಪ್ಪಿಕೊಳ್ಳಲು 2020ರ ನಿಯಮ ದಾರಿ ಮಾಡಿದೆ.

[ಪರದೆಯ ಮೇಲೆ: ತಿಪಟೂರು, ವೈಟ್‌ಫೀಲ್ಡ್, ಚೆನ್ನೈ, ದುಬೈ ಮಾರ್ಗದ ನಕ್ಷೆ.]

ಸಿಐಎಫ್‌ನಲ್ಲಿ, ಅಂದರೆ ಬೆಲೆಯಲ್ಲೇ ವಿಮೆ ಮತ್ತು ಹಡಗು ಬಾಡಿಗೆ ಸೇರಿರುವ ಪದದಲ್ಲಿ, ಕೊಳ್ಳುವವರು ಎಚ್ಚರದಿಂದಿರಬೇಕು. ದುಬೈವರೆಗಿನ ಹಡಗು ಬಾಡಿಗೆ ಮತ್ತು ವಿಮೆಯ ಖರ್ಚು ಮಾರುವವರದೇ ಆದರೂ, ಹೊಣೆ ಮಾತ್ರ ಚೆನ್ನೈನಲ್ಲಿ ಹಡಗು ಹತ್ತಿದಾಗಲೇ ದಾಟಿರುತ್ತದೆ. ಆ ವಿಮೆಯೂ ಸರಕು ವಿಮೆಯ ಷರತ್ತುಗಳಲ್ಲಿ ಕನಿಷ್ಠ ಮಟ್ಟದ ‘ಸಿ’ ಷರತ್ತಿನದಾದರೆ ಸಾಕು, ಮೊತ್ತ ಮಾತ್ರ ಒಪ್ಪಂದದ ಬೆಲೆಯ ಶೇ. 110 ಇರಬೇಕು. ಬೆಂಕಿ, ಹಡಗು ಮುಳುಗಡೆ, ಡಿಕ್ಕಿಯಂಥವಕ್ಕೆ ‘ಸಿ’ ಪರಿಹಾರ ಕೊಡುತ್ತದೆ, ಆದರೆ ಮಳೆನೀರಿಗೆ ಕೊಡುವುದಿಲ್ಲ. ನೆನೆದರೆ ಕೆಡುವ ಸರಕಿಗೆ ಹೆಚ್ಚು ಬಗೆಯ ಹಾನಿಗೆ ಪರಿಹಾರ ಕೊಡುವ ‘ಎ’ ಷರತ್ತನ್ನೇ ಕೇಳಿ ಬರೆಯಿಸಿಕೊಳ್ಳುವುದು ಒಳ್ಳೆಯದು.

ಇನ್ನು ಒಡೆತನ. ಮಾಲು ಯಾವ ಕ್ಷಣದಲ್ಲಿ ಯಾರದಾಗುತ್ತದೆ ಎಂಬುದನ್ನು ಇನ್ಕೋಟರ್ಮ್ಸ್ ಹೇಳುವುದೇ ಇಲ್ಲ. ಒಪ್ಪಂದಕ್ಕೆ ಭಾರತದ ಕಾನೂನು ಅನ್ವಯಿಸುವುದಾದರೆ, 1930ರ ಸರಕು ಮಾರಾಟ ಕಾಯ್ದೆಯ 19ನೇ ಕಲಮಿನಂತೆ, ಗೊತ್ತುಪಡಿಸಿದ ಸರಕಿನ ಒಡೆತನ ಇಬ್ಬರೂ ಉದ್ದೇಶಿಸಿದ ಹೊತ್ತಿಗೆ ವರ್ಗವಾಗುತ್ತದೆ. ಬೇರೆ ಮಾತಾಗಿರದಿದ್ದರೆ ಒಡೆತನದ ಜೊತೆಗೇ ಹೊಣೆಯೂ ಹೋಗುತ್ತದೆ ಎನ್ನುತ್ತದೆ 26ನೇ ಕಲಮು. ಇನ್ಕೋಟರ್ಮ್ಸ್ ಪದವೇ ಆ ‘ಬೇರೆ ಮಾತು’ ಆದ್ದರಿಂದ, ಹಡಗು ಹೊರಟ ಮೇಲೆ ಬಿಲ್ ಆಫ್ ಲೇಡಿಂಗ್ ಮಾರಿದವರ ಆದೇಶಕ್ಕೆ (ಅವರು ಹೇಳಿದವರಿಗೇ ಮಾಲು ಸಿಗುವಂತೆ) ಬರೆದು ಬ್ಯಾಂಕಿನಲ್ಲಿದ್ದರೂ, ಅಂದರೆ ಸರಕು ಇನ್ನೂ ದುಬೈನವರದಾಗಿರದಿದ್ದರೂ, ಅದು ಮುಳುಗಿದರೆ ಅವರು ಹಣ ಕೊಡಲೇಬೇಕಾಗುತ್ತದೆ. ಹಣ ಪೂರ್ತಿ ಸಂದ ನಂತರವೇ ಒಡೆತನ ವರ್ಗವಾಗುತ್ತದೆ ಎಂಬ ಸಾಲನ್ನು ರಫ್ತುದಾರರು ಒಪ್ಪಂದದಲ್ಲಿ ಬೇರೆಯಾಗಿ ಸೇರಿಸಿಕೊಂಡು, ಅದರ ಪಕ್ಕದಲ್ಲಿ ಮಾಲು ಒಪ್ಪಿಸುವ ಸ್ಥಳದ ಪೂರ್ತಿ ಹೆಸರನ್ನೂ ‘ಇನ್ಕೋಟರ್ಮ್ಸ್ 2020’ ಎಂಬ ನಮೂದನ್ನೂ ಬರೆಯಬೇಕು.