ಎರಡನೇ ಶನಿವಾರ, ಮಧ್ಯಾಹ್ನ ಎರಡೂವರೆ

ಕೇಳುಗರಿಗೆ ನಮಸ್ಕಾರ.

ಮಡಿಕೇರಿಯಲ್ಲಿ ಶುಕ್ರವಾರ ಸಂತೆ. ಈ ವಾರ ಸಂತೆ ಇದೆಯೇ ಎಂದು ಯಾರೂ ಯಾರಿಗೂ ಫೋನ್ ಮಾಡಿ ಕೇಳುವುದಿಲ್ಲ. ಮಳೆ ಹೊಡೆಯಲಿ, ಮಂಜು ಮುಸುಕಲಿ, ಮಾರುವವರು ಟಾರ್ಪಾಲು ಕಟ್ಟಿಕೊಂಡು ಕುಳಿತಿರುತ್ತಾರೆ, ಕೊಳ್ಳುವವರು ಕೊಡೆ ಹಿಡಿದು ಬರುತ್ತಾರೆ. ಪ್ರೋಗ್ರಾಮಿಂಗ್ ಕಲಿಯುವವರ ಬಳಗವೊಂದನ್ನು ಊರಿನಲ್ಲಿ ಕಟ್ಟುವುದು ಹೇಗೆ ಎಂದು ಹೇಳಲು ನನ್ನನ್ನು ಕರೆದಿದ್ದಾರೆ. ಅದರ ಗುಟ್ಟು ಈ ಸಂತೆಯಲ್ಲೇ ಇದೆ. ಒಂದು ದಿನ ಗೊತ್ತು ಮಾಡಿ. ಗೊತ್ತು ಮಾಡಿದ ದಿನವನ್ನು ಬದಲಿಸಬೇಡಿ.

ಕುಶಾಲನಗರದಲ್ಲೋ ಪೊನ್ನಂಪೇಟೆಯಲ್ಲೋ ಎಂಜಿನಿಯರಿಂಗ್ ಓದುತ್ತಿರುವವರು, ಬೆಂಗಳೂರಿನ ಕಂಪನಿಯ ಕೆಲಸವನ್ನು ತೋಟದ ಮನೆಯಿಂದಲೇ ಮಾಡುತ್ತಿರುವವರು, ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಮೇಷ್ಟರು, ಇವರೆಲ್ಲ ಈಗ ಕೇಳುತ್ತಿದ್ದೀರಿ ಎಂದುಕೊಂಡಿದ್ದೇನೆ. ನಿಮ್ಮಲ್ಲಿ ಅನೇಕರು ನನ್ನ ಬಳಿ ಬಂದಿದ್ದೀರಿ. ಬಂದವರು ಮೊದಲು ಕೇಳುವುದು ಬಳಗಕ್ಕೆ ಏನು ಹೆಸರಿಡೋಣ, ಲಾಂಛನ ಹೇಗಿರಬೇಕು, ಅಧ್ಯಕ್ಷರು ಯಾರು, ಖಜಾಂಚಿ ಯಾರು, ನೋಂದಣಿ ಆಗಬೇಕೇ ಎಂದು. ದಯವಿಟ್ಟು ಇದನ್ನೆಲ್ಲ ಬಿಡಿ. ಖಜಾನೆಯೇ ಇಲ್ಲದಿರುವಾಗ ಖಜಾಂಚಿ ಏಕೆ? ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಎಂಬ ಮೂರನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಬಳಗ ಶುರುವಾಯಿತು.

ನಮ್ಮದು ಪ್ರತಿ ತಿಂಗಳ ಎರಡನೇ ಶನಿವಾರ, ಮಧ್ಯಾಹ್ನ ಎರಡೂವರೆ. ಅಂದು ಬ್ಯಾಂಕಿಗೂ ಸರ್ಕಾರಿ ಕಚೇರಿಗೂ ರಜೆ. ಐದಕ್ಕೆ ಮುಗಿಸಿದರೆ ಹಳ್ಳಿಯ ಬಸ್ ಸಿಗುತ್ತದೆ. ಲೆಕ್ಕ ಅಷ್ಟೇ.

ಇದು ನಾನು ಕಂಡುಹಿಡಿದದ್ದಲ್ಲ. 1975ರ ಮಾರ್ಚ್ 5ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮೆನ್ಲೊ ಪಾರ್ಕ್ ಎಂಬ ಊರಿನ ಮನೆಯೊಂದರ ಕಾರ್ ಶೆಡ್ಡಿನಲ್ಲಿ, ಕಂಪ್ಯೂಟರ್ ಹುಚ್ಚಿನ ಒಂದಷ್ಟು ಜನ ಸೇರಿದರು. ಅದೇ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್. ಹದಿನೈದು ದಿನಕ್ಕೊಮ್ಮೆ ಸೇರುತ್ತಿದ್ದರು. ತಾನು ಮಾಡಿದ್ದನ್ನು ಮುಂದಿನ ಸಲ ಗೆಳೆಯರಿಗೆ ತೋರಿಸಬೇಕೆಂಬ ಆಸೆಯಿಂದ ಸ್ಟೀವ್ ವೋಜ್ನಿಯಾಕ್ ರಾತ್ರಿಯೆಲ್ಲ ಕುಳಿತು ಕಟ್ಟಿದ ಯಂತ್ರವೇ ಮರುವರ್ಷ ಆಪಲ್ ಕಂಪನಿಯ ಮೊದಲ ಕಂಪ್ಯೂಟರ್ ಆಯಿತು. ಮುಂದಿನ ಸಲ ಎಂಬುದು ಯಾವ ದಿನ ಎಂದು ಅವರಿಗೆ ಗೊತ್ತಿತ್ತು. ಅದನ್ನು ಗಮನಿಸಿ.

ಈಗ ನಮ್ಮ ಊರಿನ ಒಂದು ಶನಿವಾರದ ಕತೆ ಹೇಳಲೇಬೇಕು. ಆಗಸ್ಟ್ ತಿಂಗಳು, ಕೊಡವರ ಕಕ್ಕಡ ಮಾಸದ ಜೋರು ಮಳೆ. ಬೆಳಗ್ಗೆಯಿಂದ ಕರೆಂಟ್ ಇಲ್ಲ. ಇವತ್ತು ಬೇಡ, ಮುಂದಿನ ವಾರ ಇಟ್ಟುಕೊಳ್ಳೋಣ ಎಂದು ನಾಲ್ಕು ಜನ ಫೋನ್ ಮಾಡಿದರು. ನಾನು ಒಪ್ಪಲಿಲ್ಲ. ನಾವು ಸೇರುವುದು ವಾಚನಾಲಯವೊಂದರ ಹಿಂದಿನ ಕೋಣೆಯಲ್ಲಿ. ಎರಡೂವರೆಗೆ ಹೋದರೆ ನಾನು, ಒಬ್ಬ ಹುಡುಗ, ನಾಪೋಕ್ಲು ಕಡೆಯ ಒಬ್ಬಳು ವಿದ್ಯಾರ್ಥಿನಿ, ಒಟ್ಟು ಮೂವರು. ಲ್ಯಾಪ್‌ಟಾಪಿನ ಬ್ಯಾಟರಿಯಲ್ಲಿ ಒಂದು ಗಂಟೆಯಷ್ಟು ಜೀವವಿತ್ತು.

ಆ ಹುಡುಗಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದು ಹಳೆಯ ಡೈರಿ ತಂದಿದ್ದಳು. ಅವಳ ಅಜ್ಜನ ಮಳೆ ಲೆಕ್ಕ. ನಮ್ಮ ತೋಟಗಳಲ್ಲಿ ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ ಬರೆಯುತ್ತಾರೆ ಎಂಬುದು ನಿಮಗೆ ಗೊತ್ತು. ನೂರು ಸೆಂಟು ಅಂದರೆ ಒಂದು ಇಂಚು. ಕಾಫಿ ಗಿಡಗಳಲ್ಲಿ ಹೂ ಅರಳಿಸುವ ಹೂಮಳೆ ಬಿದ್ದ ಮರುದಿನ ಬೆಳಗ್ಗೆ, ನಿಮ್ಮಲ್ಲಿ ಎಷ್ಟು ಸೆಂಟು ಎಂದು ಇಡೀ ಕೊಡಗು ಒಬ್ಬರನ್ನೊಬ್ಬರು ಕೇಳುತ್ತದೆ. ಅಜ್ಜ ನೀಲಿ ಶಾಯಿಯಲ್ಲಿ, ದಿನಕ್ಕೊಂದು ಸಾಲಿನಂತೆ ಬರೆದಿದ್ದರು. ಅವಳು ಒಂದು ವರ್ಷದ ಲೆಕ್ಕವನ್ನೆಲ್ಲ ಟೈಪ್ ಮಾಡಿ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಣ್ಣ ಪ್ರೋಗ್ರಾಂ ಬರೆದು ಕೂಡಿಸಿದ್ದಳು. ಮೊತ್ತ ತಪ್ಪು. ಡಿಸೆಂಬರ್ ಪುಟದ ಕೊನೆಯಲ್ಲಿ ಅಜ್ಜ ಬರೆದ ಮೊತ್ತಕ್ಕಿಂತ ಒಂಬತ್ತು ಇಂಚು ಹೆಚ್ಚು ಬರುತ್ತಿತ್ತು.

ಮೂವರೂ ತಲೆ ಕೆಡಿಸಿಕೊಂಡೆವು. ಪ್ರೋಗ್ರಾಂ ಸಾಲು ಸಾಲಾಗಿ ಓದಿದೆವು. ಕೂಡುವುದರಲ್ಲಿ ತಪ್ಪಿಲ್ಲ. ಅಜ್ಜನೇ ಲೆಕ್ಕ ತಪ್ಪಿರಬೇಕು ಎಂದ ಹುಡುಗ. ಅವಳು ಸುತರಾಂ ಒಪ್ಪಲಿಲ್ಲ. ಹೊರಗೆ ಕಿಟಕಿಯ ಬೆಳಕಿನಲ್ಲಿ ಹಿರಿಯರೊಬ್ಬರು ಪತ್ರಿಕೆ ಓದುತ್ತಿದ್ದರು. ಎಸ್ಟೇಟ್ ಒಂದರಲ್ಲಿ ರೈಟರ್, ಅಂದರೆ ಲೆಕ್ಕಪತ್ರ ಬರೆಯುವ ಗುಮಾಸ್ತರು, ಆಗಿದ್ದು ನಿವೃತ್ತರಾದವರು. ನಮ್ಮ ಚರ್ಚೆ ಕೇಳಿ ಎದ್ದು ಬಂದರು. ಕನ್ನಡಕ ಏರಿಸಿ ಡೈರಿ ನೋಡಿದರು, ಪರದೆ ನೋಡಿದರು, ಮತ್ತೆ ಡೈರಿ ನೋಡಿದರು. ಡೈರಿಯಲ್ಲಿ ಒಂದು, ಅಡ್ಡಗೆರೆ, ಐದು ಎಂದಿತ್ತು. ಪರದೆಯ ಮೇಲೆ ಅದು ಒಂದು ಬಿಂದು ಐದು ಆಗಿತ್ತು.

"ಇದು ಒಂದೂವರೆ ಇಂಚಲ್ಲ ಮಗಳೇ," ಎಂದರು. "ಒಂದಿಂಚು ಐದು ಸೆಂಟು. ಒಂದೂವರೆ ಆಗಿದ್ದರೆ ನಿನ್ನ ಅಜ್ಜ ಐವತ್ತು ಎಂದು ಬರೆಯುತ್ತಿದ್ದರು."

ಹುಡುಗಿಯ ಮುಖ ನೋಡಬೇಕಿತ್ತು. ಅಡ್ಡಗೆರೆಯ ಹತ್ತಿರ ಅಂಕಿಯನ್ನು ಎರಡಾಗಿ ಒಡೆದು, ಇಂಚನ್ನು ನೂರರಿಂದ ಗುಣಿಸಿ, ಸೆಂಟು ಸೇರಿಸುವಂತೆ ತಿದ್ದಿದಳು. ಮೂರೇ ಸಾಲು. ಮೊತ್ತ ಅಜ್ಜನ ಮೊತ್ತಕ್ಕೆ ಸರಿಯಾಗಿ ಕೂತಿತು. ನೂರೈದು ಸೆಂಟು ಅಂದರೆ 26.67 ಮಿಲಿಮೀಟರ್, ಒಂದೂವರೆ ಇಂಚು ಅಂದರೆ 38.1. ಒಂದು ಅಡ್ಡಗೆರೆ ತಪ್ಪಾಗಿ ಓದಿದ್ದಕ್ಕೆ ಅಷ್ಟು ವ್ಯತ್ಯಾಸ. ಅಂಕಿಯನ್ನು ಕೊಟ್ಟವರು ಅದನ್ನು ಹೇಗೆ ಬರೆಯುತ್ತಾರೆ ಎಂದು ಮೊದಲು ಕೇಳಬೇಕು ಎಂಬ ಪಾಠವನ್ನು ನಾನು ಎಷ್ಟು ಭಾಷಣ ಮಾಡಿದ್ದರೂ ಹಾಗೆ ಕಲಿಸಲು ಆಗುತ್ತಿರಲಿಲ್ಲ. ಆ ಸಂಜೆ ಅದೇ ಪ್ರೋಗ್ರಾಂನಲ್ಲಿ ಅವಳು ಅಂಕಿಗಳಿಗೆ ಕೊಟ್ಟ ಹೆಸರುಗಳನ್ನೂ ಕನ್ನಡದಲ್ಲೇ ಬರೆದಳು: ಮಳೆ, ಇಂಚು, ಸೆಂಟು. ಪೈಥಾನ್ ಅದನ್ನು ಒಪ್ಪುತ್ತದೆ, ನೀವೂ ಮಾಡಿ ನೋಡಿ.

ಆ ಶನಿವಾರವನ್ನು ಮುಂದೂಡಿದ್ದರೆ ರೈಟರ್ ಅವರು ನಮಗೆ ಸಿಗುತ್ತಲೇ ಇರಲಿಲ್ಲ. ಅದಕ್ಕೇ ಮತ್ತೆ ಹೇಳುತ್ತೇನೆ, ದಿನ ಬದಲಿಸಬೇಡಿ. ಇಬ್ಬರೇ ಬಂದರೂ ನಡೆಸಿ. ಒಬ್ಬರೇ ಇದ್ದರೂ ಐದರವರೆಗೆ ಬಾಗಿಲು ತೆರೆದಿಟ್ಟು ಕುಳಿತಿರಿ.

ಸಮಯ ಕಡಿಮೆ ಇದೆ ಎಂದು ಗಾಜಿನಾಚೆಯಿಂದ ಸನ್ನೆ ಬರುತ್ತಿದೆ. ಉಳಿದದ್ದನ್ನು ಬೇಗ ಹೇಳುತ್ತೇನೆ. ಕೋಣೆಗೆ ಬಾಡಿಗೆ ಕೊಡಬೇಡಿ; ಶಾಲೆ, ವಾಚನಾಲಯ, ಸಹಕಾರ ಸಂಘ, ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ದೊಡ್ಡ ಭಾಷಣಕಾರರನ್ನು ಬೆಂಗಳೂರಿನಿಂದ ಕರೆಸುವ ಆಸೆ ಬೇಡ. ಬಂದವರಲ್ಲಿ ಒಬ್ಬರು ಕಾಲು ಗಂಟೆ ತಮ್ಮ ಕೆಲಸ ತೋರಿಸಲಿ, ಕೆಟ್ಟು ನಿಂತ ಕೆಲಸವಾದರೆ ಇನ್ನೂ ಒಳ್ಳೆಯದು. ಹೊಸಬರ ಪಕ್ಕದಲ್ಲಿ ಹಳಬರು ಕೂರಲಿ. ಹೆಣ್ಣುಮಕ್ಕಳು ಕತ್ತಲಾಗುವ ಮೊದಲು ಮನೆ ತಲುಪುವಂತೆ ಮುಗಿಸಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಜನ ಕಡಿಮೆಯಾಗುತ್ತಾರೆ, ಆಗಲೂ ದಿನ ಅದೇ.

ಬೆಳೆಸುವುದು ಹೇಗೆ ಎಂದೂ ಕೇಳುತ್ತಾರೆ. ಶ್ರೀಮಂಗಲದವರು ಮಡಿಕೇರಿಗೆ ಬಸ್ಸಿನಲ್ಲಿ ಬಂದು ಹೋಗುವುದರಲ್ಲೇ ದಿನ ಕಳೆಯುತ್ತದೆ. ಅವರು ಇಲ್ಲಿಗೆ ಬರುವುದು ಬೇಡ, ಅಲ್ಲೇ ಮೂವರು ಸೇರಿ ಬೇರೆ ದಿನ ಹಿಡಿಯಲಿ. ನಮ್ಮಲ್ಲಿ ಕಲಿತವರೊಬ್ಬರು ಮೊದಲ ಮೂರು ತಿಂಗಳು ಹೋಗಿ ಜೊತೆಗೆ ಕೂರುತ್ತಾರೆ.

ಆ ಹುಡುಗಿಗೆ ಮೈಸೂರಿನಲ್ಲಿ ಕೆಲಸ ಸಿಕ್ಕಿದೆ. ಅಜ್ಜನ ಉಳಿದ ಡೈರಿಗಳನ್ನು ಟೈಪ್ ಮಾಡುವ ಕೆಲಸವನ್ನು ಇಬ್ಬರು ಪಿಯುಸಿ ಹುಡುಗರು ಹಿಡಿದಿದ್ದಾರೆ. ಕೋಣೆಯ ಬೀಗದ ಕೈ ಈಗ ರೈಟರ್ ಅವರ ಬಳಿ ಇದೆ. ಎರಡನೇ ಶನಿವಾರ ಎರಡು ಇಪ್ಪತ್ತಕ್ಕೆ ಅವರು ಬಾಗಿಲು ತೆಗೆದಿರುತ್ತಾರೆ. ನಮಸ್ಕಾರ.