ನೋವಿನ ಲೆಕ್ಕ ಯಾರ ಕೈಲಿ?

ಕೇಳುಗರಿಗೆ ನಮಸ್ಕಾರ.

ಜ್ವರ ಬಂದರೆ ಥರ್ಮಾಮೀಟರು ಇಡುತ್ತಾರೆ. ಬಿಪಿ ನೋಡಲು ತೋಳಿಗೆ ಪಟ್ಟಿ ಸುತ್ತುತ್ತಾರೆ. ನೋವಿಗೆ? "ಸೊನ್ನೆಯಿಂದ ಹತ್ತರೊಳಗೆ ಎಷ್ಟಿದೆ ಹೇಳಿ" ಅನ್ನುತ್ತಾರೆ, ಅಷ್ಟೇ. ನೀವು ಏಳು ಅಂದರೆ ಏಳು. ಸ್ಕ್ಯಾನಿನಲ್ಲಿ ಏನೂ ಕಾಣದೇ ಹೋದರೆ ಆ ಏಳನ್ನು ಡಾಕ್ಟರೂ ನಂಬಬೇಕು, ಮನೆಯವರೂ ನಂಬಬೇಕು. ಮೂರು ತಿಂಗಳು ದಾಟಿದರೂ ಬಿಡದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಅದನ್ನು ಹೊತ್ತುಕೊಂಡು ಓಡಾಡುವವರಿಗೆ ನೋವಿನ ಜೊತೆಗೆ ಇನ್ನೊಂದು ಕೆಲಸ, ಅದು ಇದೆ ಎಂದು ನಂಬಿಸುವುದು.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಸಾದ್ ಶಿರ್ವಾಲ್ಕರ್ ಮತ್ತು ಅವರ ಜೊತೆಗಾರರು ಈ ನೋವಿನ ಗುರುತನ್ನು ಮಿದುಳಿನೊಳಗೇ ಹುಡುಕಿದರು. 2023ರಲ್ಲಿ 'ನೇಚರ್ ನ್ಯೂರೋಸೈನ್ಸ್' ಪತ್ರಿಕೆಯಲ್ಲಿ ಅದರ ವರದಿ ಬಂತು. ರೋಗಿಗಳು ನಾಲ್ಕೇ ಜನ. ಮೂವರಿಗೆ ಲಕ್ವ ಹೊಡೆದ ಮೇಲೆ ಅಂಟಿಕೊಂಡ ನೋವು. ಇನ್ನೊಬ್ಬರಿಗೆ ಕತ್ತರಿಸಿ ತೆಗೆದ ಅಂಗದಲ್ಲಿ ನೋವು. ಅಂಗವಿಲ್ಲ, ನೋವು ಮಾತ್ರ ಇದೆ. ಇವರ ಮಿದುಳಿನ ಎರಡು ಭಾಗಗಳಲ್ಲಿ ಸಣ್ಣ ಎಲೆಕ್ಟ್ರೋಡುಗಳನ್ನು, ಅಂದರೆ ಮಿದುಳಿನ ವಿದ್ಯುತ್ ಸಂಕೇತ ಹಿಡಿಯುವ ತಂತಿಗಳನ್ನು, ಇಟ್ಟು, ಸಂಕೇತಗಳನ್ನು ದಾಖಲಿಸುವ ಪುಟ್ಟ ಸಾಧನವನ್ನು ಚರ್ಮದಡಿ ಕೂರಿಸಿ ಮನೆಗೆ ಕಳಿಸಿದರು.

ಮನೆಗೆ ಕಳಿಸಿದ್ದೇ ಇಲ್ಲಿನ ವಿಶೇಷ. ಪ್ರಯೋಗಾಲಯದಲ್ಲಿ ಮಲಗಿಸಿ ಸೂಜಿ ಚುಚ್ಚಿದರೆ ಬರುವುದು ಬೇರೆ ನೋವು. ಈ ರೋಗಿಗಳು ಊಟ, ನಿದ್ದೆ, ಕೆಲಸಗಳ ನಡುವೆ ದಿನಕ್ಕೆ ಹಲವು ಸಲ, ಈಗ ನೋವು ಎಷ್ಟಿದೆ, ಹೇಗಿದೆ ಎಂದು ಬರೆದು, ಕೈಲಿದ್ದ ರಿಮೋಟಿನ ಗುಂಡಿ ಒತ್ತುತ್ತಿದ್ದರು. ಆ ಹೊತ್ತಿನ ಮಿದುಳಿನ ಚಟುವಟಿಕೆ ದಾಖಲಾಗುತ್ತಿತ್ತು. ಹೀಗೆ ತಿಂಗಳುಗಟ್ಟಲೆ. ಕೊನೆಗೆ ಎರಡನ್ನೂ ಕಂಪ್ಯೂಟರಿಗೆ ಕೊಟ್ಟಾಗ, ಸಂಕೇತ ನೋಡಿಯೇ ನೋವು ಹೆಚ್ಚಿದೆಯೋ ಕಡಿಮೆಯಿದೆಯೋ ಎಂದು ಅದು ಊಹಿಸತೊಡಗಿತು. ಹೆಚ್ಚಿನ ಸುಳಿವು ಸಿಕ್ಕಿದ್ದು ಕಣ್ಣುಗಳ ಮೇಲ್ಭಾಗಕ್ಕೆ, ಹಣೆಯ ಹಿಂದೆ ಇರುವ ಪ್ರದೇಶದಲ್ಲಿ. ಅದೇ ರೋಗಿಗಳ ಚರ್ಮಕ್ಕೆ ಬಿಸಿ ತಾಗಿಸಿದಾಗ ಹೆಚ್ಚು ಸ್ಪಂದಿಸಿದ್ದು ಇನ್ನೊಂದು ಭಾಗ. ಅಂದರೆ ಕೈ ಸುಟ್ಟ ನೋವೂ ವರ್ಷಗಟ್ಟಲೆ ಕಾಡುವ ನೋವೂ ಮಿದುಳಿನಲ್ಲಿ ಒಂದೇ ದಾರಿ ಹಿಡಿಯುವುದಿಲ್ಲ.

ಇದನ್ನು ಕೇಳಿ, ನೋವನ್ನು ಅಳೆಯುವ ಮೀಟರು ಸಿಕ್ಕೇ ಬಿಟ್ಟಿತು, ಇನ್ನು ರೋಗಿಯ ಮಾತೇ ಬೇಡ ಎಂದುಕೊಳ್ಳುವವರಿದ್ದಾರೆ. ಅಲ್ಲೇ ಎಡವುವುದು. ಆ ಕಂಪ್ಯೂಟರು ಕಲಿತಿದ್ದು ಯಾರಿಂದ? ಗುಂಡಿ ಒತ್ತಿ "ಈಗ ಎಂಟು" ಎಂದ ರೋಗಿಯಿಂದ. ಅವರು ಸುಮ್ಮನಿದ್ದಿದ್ದರೆ ಅದಕ್ಕೆ ಮಿದುಳಿನ ಆ ಸಂಕೇತಗಳೆಲ್ಲ ಬರೀ ಗೆರೆ. ಅದೂ ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಕಲಿಸಬೇಕಾಯಿತು. ವಿಮಾ ಕಂಪನಿಯ ಮೇಜಿನ ಮೇಲೋ ಕೋರ್ಟಿನಲ್ಲೋ ಇಂಥ ಯಂತ್ರವನ್ನಿಟ್ಟು "ನಿಮಗೆ ಅಷ್ಟೇನೂ ನೋವಿಲ್ಲ" ಎಂದು ಹೇಳಿಸುವ ಆಸೆ ಯಾರಿಗಾದರೂ ಬಂದರೆ, ನನ್ನ ಮಟ್ಟಿಗೆ ಅದು ಈ ಸಂಶೋಧನೆಯನ್ನು ತಲೆಕೆಳಗು ಮಾಡಿದಂತೆ.

ಚಿಕಿತ್ಸೆಯ ಮಾತಿಗೆ ಬಂದರೆ, ವಿದ್ಯುತ್ತಿನಿಂದ ನೋವು ತಗ್ಗಿಸುವ ದಾರಿ ಹಳೆಯದು. ಮೊಣಕೈ ಬಾಗಿಲಿಗೆ ಬಡಿದರೆ ಯಾರೂ ಹೇಳಿಕೊಡದೆ ಉಜ್ಜಿಕೊಳ್ಳುತ್ತೇವಲ್ಲ, ಆ ಉಜ್ಜುವಿಕೆ ಬೆನ್ನುಹುರಿಯಲ್ಲೇ ನೋವನ್ನು ತಡೆಯಬಲ್ಲದು ಎಂಬ ವಿವರಣೆಯನ್ನು ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು 1965ರಲ್ಲಿ ಕೊಟ್ಟರು. ಎರಡೇ ವರ್ಷಕ್ಕೆ, 1967ರಲ್ಲಿ, ನಾರ್ಮನ್ ಶೀಲಿ ಎಂಬ ಅಮೆರಿಕದ ಶಸ್ತ್ರವೈದ್ಯರು ಕ್ಯಾನ್ಸರ್ ರೋಗಿಯೊಬ್ಬರ ಬೆನ್ನುಹುರಿಗೆ ಸಣ್ಣ ವಿದ್ಯುತ್ ಹರಿಸಿ ನೋವು ತಗ್ಗಿಸಲು ನೋಡಿದರು. ಬೆನ್ನುಹುರಿಯ ಪಕ್ಕ ತಂತಿ ಇಟ್ಟು ವಿದ್ಯುತ್ ಹರಿಸುವ ಇಂದಿನ ಸಾಧನಗಳು ಆ ವಂಶದವೇ. ಕೆಮ್ಮಿದರೆ, ಸೀನಿದರೆ, ಮಗ್ಗುಲು ಬದಲಿಸಿದರೆ ಬೆನ್ನುಹುರಿಗೂ ತಂತಿಗೂ ನಡುವಿನ ಅಂತರ ಬದಲಾಗಿ ಒಮ್ಮೆ ಜುಮ್ ಎನ್ನುತ್ತದೆ, ಒಮ್ಮೆ ಏನೂ ಇರದು. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಸಲೂಡಾ ಕಂಪನಿಯ ಸಾಧನ ಪ್ರತಿ ಸಲವೂ ನರ ಕೊಟ್ಟ ಉತ್ತರವನ್ನು ತಾನೇ ಅಳೆದು ವಿದ್ಯುತ್ತನ್ನು ಹೆಚ್ಚುಕಡಿಮೆ ಮಾಡಿಕೊಳ್ಳುತ್ತದೆ. 134 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ, ಮೂರು ತಿಂಗಳಲ್ಲಿ ನೋವು ಅರ್ಧದಷ್ಟಾದರೂ ಇಳಿಯಿತು ಎಂದವರು ಈ ಸಾಧನದ ಗುಂಪಿನಲ್ಲಿ ನೂರಕ್ಕೆ 82, ಹಳೆಯ ಬಗೆಯ ಗುಂಪಿನಲ್ಲಿ 60.

ಹಿಗ್ಗುವ ಮೊದಲು ಇನ್ನೊಂದು ಮಾತು ಹೇಳಿಬಿಡುತ್ತೇನೆ. ಸೊಂಟನೋವಿಗೆ ಬೆನ್ನುಹುರಿಯ ವಿದ್ಯುತ್ ಚಿಕಿತ್ಸೆ ಹೇಗೆ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆ, ಆರು ತಿಂಗಳ ಹೊತ್ತಿಗೆ ಅದು ಹುಸಿ ಚಿಕಿತ್ಸೆಗಿಂತ, ಅಂದರೆ ಹೋಲಿಕೆಗೆಂದು ಕೊಟ್ಟಂತೆ ಮಾಡುವ ಚಿಕಿತ್ಸೆಗಿಂತ, ಬಹುಶಃ ಮೇಲಲ್ಲ ಎಂದಿತು. ಶಸ್ತ್ರಚಿಕಿತ್ಸೆಯ ಅಪಾಯ ಬೇರೆ. ಯಾವ ನೋವು, ಯಾವ ರೋಗಿ ಎಂಬುದನ್ನು ಬಿಟ್ಟು ಸಾಧನವನ್ನಷ್ಟೇ ಹೊಗಳುವ ಜಾಹೀರಾತು ಕಂಡರೆ ಸ್ವಲ್ಪ ತಡೆಯಿರಿ.

ಶಿರ್ವಾಲ್ಕರ್ ತಂಡದ ಗುರಿ, ನೋವು ಏರುವ ಸಂಕೇತ ಕಂಡ ಕ್ಷಣಕ್ಕೆ ಮಾತ್ರ ಮಿದುಳಿಗೆ ವಿದ್ಯುತ್ ಕೊಟ್ಟು, ಇಳಿದಾಗ ತಾನೇ ನಿಲ್ಲುವ ಚಿಕಿತ್ಸೆ. ಅದು ಬೇರಾವ ಔಷಧಿಗೂ ಬಗ್ಗದ ನೋವಿನವರಿಗೆ. ಮಂಡಿನೋವಿಗೆ ತಲೆಬುರುಡೆ ತೂತು ಮಾಡುವುದಿಲ್ಲ, ಗಾಬರಿಯಾಗಬೇಡಿ. ನಿಮಗೆ ಹಳೆಯ ನೋವಿದ್ದರೆ ಅದು ಯಾವ ಹೊತ್ತಿಗೆ ಏರುತ್ತದೆ, ಉರಿಯೋ ಸೆಳೆತವೋ, ನಿದ್ದೆ ಕೆಡಿಸುತ್ತದೆಯೋ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಡಾಕ್ಟರ ಹತ್ತಿರ ಹೋಗಿ. ಆ ನಾಲ್ಕು ಜನ ಮಾಡಿದ್ದೂ ಮೊದಲಿಗೆ ಅದನ್ನೇ.

ನಮಸ್ಕಾರ.