ದೊಡ್ಡ ಏರೋಬ್ಯಾಟಿಕ್ ಮಾಡೆಲ್: ತೂಕದ ಲೆಕ್ಕ ಬಾಲದಿಂದ ಶುರು

ಎಲ್ಲರಿಗೂ ನಮಸ್ಕಾರ. ರೇಡಿಯೋ ಕಂಟ್ರೋಲ್‌ನ ದೊಡ್ಡ ಏರೋಬ್ಯಾಟಿಕ್ ವಿಮಾನವನ್ನು ಮರದಿಂದ ಕಟ್ಟುವಾಗ ತೂಕವನ್ನು ಹೇಗೆ ಹಿಡಿತದಲ್ಲಿಡಬೇಕು ಎನ್ನುವುದು ಈ ಉಪನ್ಯಾಸದ ವಿಷಯ. ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಅಳತೆ ಇಟ್ಟುಕೊಳ್ಳೋಣ: ರೆಕ್ಕೆಯ ಉದ್ದ 2.7 ಮೀಟರ್, ರೆಕ್ಕೆಯ ವಿಸ್ತೀರ್ಣ 120 ಚದರ ಡೆಸಿಮೀಟರ್, 100ರಿಂದ 120 ಸಿಸಿಯ ಎರಡು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಪೆಟ್ರೋಲ್ ಇಲ್ಲದೆ 12 ಕಿಲೋ ತೂಗಬೇಕು ಎಂಬುದು ಗುರಿ.

ಗುರಿ ತಪ್ಪಿ 14 ಕಿಲೋ ಆಯಿತು ಎನ್ನಿ. ಎರಡು ಕಿಲೋ ತಾನೇ, ಎಂಜಿನ್ ಎಳೆದುಕೊಳ್ಳುತ್ತದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಎಳೆದುಕೊಳ್ಳುತ್ತದೆ ನಿಜ, ಆದರೆ ಬೆಲೆ ಬೇರೆ ಕಡೆ ತೆರಬೇಕಾಗುತ್ತದೆ. ರೆಕ್ಕೆಯ ಪ್ರತಿ ಚದರ ಡೆಸಿಮೀಟರಿಗೆ 100 ಗ್ರಾಂ ಇದ್ದ ಹೊರೆ 117ಕ್ಕೆ ಏರುತ್ತದೆ. ಸ್ಟಾಲ್ ವೇಗ, ಅಂದರೆ ವಿಮಾನ ಹಾರಿಕೊಂಡಿರಲು ಬೇಕಾದ ಕನಿಷ್ಠ ವೇಗ, ತೂಕದ ವರ್ಗಮೂಲಕ್ಕೆ ತಕ್ಕಂತೆ ಏರುವುದರಿಂದ ಅದು ಶೇಕಡಾ 8ರಷ್ಟು ಹೆಚ್ಚುತ್ತದೆ. ಇಳಿಯುವ ವೇಗವೂ ಅಷ್ಟೇ ಹೆಚ್ಚಬೇಕು. ವೇಗವೂ ಹೆಚ್ಚು, ತೂಕವೂ ಹೆಚ್ಚು ಎಂದಮೇಲೆ ನೆಲ ಮುಟ್ಟುವಾಗ ಲ್ಯಾಂಡಿಂಗ್ ಗೇರ್ ಎದುರಿಸುವ ಶಕ್ತಿ ಶೇಕಡಾ 36ರಷ್ಟು ಜಾಸ್ತಿ. ಆ ಏಟು ತಡೆಯಲು ಗೇರ್ ಪ್ಲೇಟನ್ನು ಗಟ್ಟಿ ಮಾಡಬೇಕು, ಗಟ್ಟಿ ಮಾಡಿದರೆ ಮತ್ತೆ ತೂಕ. ಈ ಸುತ್ತು ಒಮ್ಮೆ ಶುರುವಾದರೆ ನಿಲ್ಲುವುದು ಕಷ್ಟ. ಇನ್ನು ಪ್ರೊಪೆಲ್ಲರ್ ನಿಂತಲ್ಲಿ 25 ಕಿಲೋ ಎಳೆತ ಕೊಡುತ್ತದೆ ಎಂದುಕೊಂಡರೆ, ತೂಕಕ್ಕೆ ಎರಡು ಪಟ್ಟಿಗೂ ಮೀರಿದ್ದ ಎಳೆತ 1.8 ಪಟ್ಟಿಗೆ ಇಳಿಯುತ್ತದೆ. ಹೋವರ್‌ನಿಂದ, ಅಂದರೆ ಮೂಗು ಮೇಲೆ ಮಾಡಿ ಗಾಳಿಯಲ್ಲಿ ನಿಂತ ಸ್ಥಿತಿಯಿಂದ, ನೇರ ಮೇಲೆ ಎಳೆದುಕೊಂಡು ಹೋಗುವಾಗ ಆ ಕೊರತೆ ಕೈಗೇ ತಿಳಿಯುತ್ತದೆ.

12 ಕಿಲೋವನ್ನು ಹಂಚುವುದು ಹೇಗೆ? ಎಂಜಿನ್, ಇಗ್ನಿಷನ್, ಮಫ್ಲರ್, ಪ್ರೊಪೆಲ್ಲರ್, ಸ್ಪಿನ್ನರ್ ಸೇರಿ 4 ಕಿಲೋ. ಕೌಲ್ (ಎಂಜಿನ್ ಮುಚ್ಚಳ) ಮತ್ತು ಕ್ಯಾನೊಪಿಯೂ (ಕಾಕ್‌ಪಿಟ್ ಮುಚ್ಚಳ) ಒಳಗೊಂಡಂತೆ ಮರದ ಕಟ್ಟಡ 4.7. ಸರ್ವೋ (ರೆಕ್ಕೆ, ಬಾಲದ ಚಲಿಸುವ ಭಾಗಗಳನ್ನು ತಿರುಗಿಸುವ ಚಿಕ್ಕ ಮೋಟಾರು), ಬ್ಯಾಟರಿ, ರಿಸೀವರ್, ವೈರಿಂಗ್ 1.4. ಗೇರ್ ಮತ್ತು ಚಕ್ರಗಳು 0.7. ಹಾರ್ನ್ (ಚಲಿಸುವ ಭಾಗಕ್ಕೆ ಕೂರಿಸುವ ತೋಳು), ರಾಡ್, ಹಿಂಜ್, ಟ್ಯೂಬ್, ಟ್ಯಾಂಕ್ 0.7. ಹೊದಿಕೆ ಮತ್ತು ಬಣ್ಣ 0.5. ಈ ಪಟ್ಟಿಯನ್ನು ಕಾಗದದ ಮೇಲೆ ಬರೆದು ಕೆಲಸದ ಮೇಜಿನ ಎದುರಿಗೇ ಅಂಟಿಸಿ. ಎಂಜಿನ್ ಗುಂಪಿನಲ್ಲಿ ನಿಮ್ಮ ಕೈಯಲ್ಲಿರುವುದು ಕಡಿಮೆ, ಕೊಂಡದ್ದು ತೂಗಿದಷ್ಟು ತೂಗುತ್ತದೆ. ಮರದ 4.7 ಕಿಲೋ ಮಾತ್ರ ಪೂರ್ತಿ ನಿಮ್ಮದು. ಅದು ನಾಲ್ಕೂವರೆಗೂ ಇಳಿಯಬಹುದು, ಆರಕ್ಕೂ ಏರಬಹುದು.

ಬಾಲದಿಂದ ಶುರು ಮಾಡಿ ಎನ್ನಲು ಕಾರಣ ಇದು. ಈ ಅಳತೆಯ ವಿಮಾನದಲ್ಲಿ ಗುರುತ್ವ ಕೇಂದ್ರದಿಂದ ಬಾಲದ ರೆಕ್ಕೆಗೆ ಸುಮಾರು 1,400 ಮಿಲಿಮೀಟರ್ ದೂರ. ಮುಂದಕ್ಕೆ, ಎಂಜಿನ್ ಬಾಕ್ಸಿನಲ್ಲಿ ಬ್ಯಾಟರಿ ಇಡುವ ಜಾಗಕ್ಕೆ ಸುಮಾರು 450. ಬಾಲದಲ್ಲಿ 10 ಗ್ರಾಂ ಜಾಸ್ತಿಯಾದರೆ ಅದನ್ನು ಸರಿತೂಗಿಸಲು ಮುಂದೆ 31 ಗ್ರಾಂ ಬೇಕು. ಒಟ್ಟು 41 ಗ್ರಾಂ. ಅಂದರೆ ಬಾಲದ ಒಂದು ಗ್ರಾಂ ವಿಮಾನಕ್ಕೆ ನಾಲ್ಕು ಗ್ರಾಂ. ಸ್ಟೆಬಿಲೈಜರ್ (ಬಾಲದ ಅಡ್ಡ ರೆಕ್ಕೆ), ಅದರ ಹಿಂದೆ ಚಲಿಸುವ ಎಲಿವೇಟರ್, ಫಿನ್ (ಬಾಲದ ನೆಟ್ಟಗಿನ ರೆಕ್ಕೆ), ಅದರ ಹಿಂದೆ ಚಲಿಸುವ ರಡ್ಡರ್ ಎಲ್ಲಕ್ಕೂ ಸೇರಿ ಎರಡು ಲೀಟರ್ ಗಾತ್ರದ ಬಾಲ್ಸಾ ಎಂಬ ಹಗುರ ಮರ ಬೇಕು ಎಂದುಕೊಳ್ಳಿ. ಘನಮೀಟರಿಗೆ 90 ಕಿಲೋ ಸಾಂದ್ರತೆಯ ಮರವಾದರೆ 180 ಗ್ರಾಂ, 150ರ ಮರವಾದರೆ 300 ಗ್ರಾಂ. ಕೈಯಲ್ಲಿ ಹಿಡಿದರೆ ಗೊತ್ತೇ ಆಗದಂಥ 120 ಗ್ರಾಂ ವ್ಯತ್ಯಾಸ. ಆದರೆ ಮುಂದಿನ ಸೀಸದ ಲೆಕ್ಕ ಸೇರಿದರೆ ಅದು ಅರ್ಧ ಕಿಲೋ ಹತ್ತಿರ ಹೋಗುತ್ತದೆ. ಜೊತೆಗೆ ಎರಡು ತುದಿಗಳಲ್ಲಿ ಕೂತ ತೂಕ ವಿಮಾನ ತಿರುಗುವುದಕ್ಕೂ ಅಡ್ಡಿ, ತಿರುಗಿದ್ದನ್ನು ನಿಲ್ಲಿಸುವುದಕ್ಕೂ ಅಡ್ಡಿ. ಜಡತ್ವ ದೂರದ ವರ್ಗಕ್ಕೆ ತಕ್ಕಂತೆ ಹೆಚ್ಚುವುದರಿಂದ, ರೆಕ್ಕೆಯ ತುದಿಯಲ್ಲಿ 1.2 ಮೀಟರ್ ದೂರದ 10 ಗ್ರಾಂ, 40 ಸೆಂಟಿಮೀಟರ್ ದೂರದ 90 ಗ್ರಾಮಿಗೆ ಸಮ. ಸ್ನ್ಯಾಪ್ ರೋಲ್ (ವಿಮಾನ ಥಟ್ಟನೆ ಉರುಳುವ ಕಸರತ್ತು) ಹೇಳಿದ ಕಡೆ ನಿಲ್ಲದೆ ಒಂದಿಷ್ಟು ಮುಂದೆ ಹೋಗುತ್ತಿದ್ದರೆ ರೇಡಿಯೋ ಸೆಟ್ಟಿಂಗ್ ತಿದ್ದುವ ಮುನ್ನ ರೆಕ್ಕೆ ತುದಿಗಳನ್ನು ನೋಡಿ.

ಹಾಗಾದರೆ ಮೊದಲ ಕೆಲಸ ಮರ ಆರಿಸುವುದು. ಒಂದು ಗ್ರಾಂ ತೋರಿಸುವ 5 ಕಿಲೋ ತಕ್ಕಡಿ, 0.1 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ, ಇವೆರಡೂ ಬೇಕೇಬೇಕು. ಪ್ರತಿ ಹಾಳೆಯನ್ನೂ ತೂಗಿ. ಒಂದು ಮೀಟರ್ ಉದ್ದ, 10 ಸೆಂಟಿಮೀಟರ್ ಅಗಲ, 2.5 ಮಿಲಿಮೀಟರ್ ದಪ್ಪದ ಹಾಳೆಯ ಗಾತ್ರ 250 ಘನ ಸೆಂಟಿಮೀಟರ್. ಅದು 25 ಗ್ರಾಂ ತೂಗಿದರೆ ಸಾಂದ್ರತೆ 100, 40 ತೂಗಿದರೆ 160. ತೂಕವನ್ನು ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದು, ಹಗುರದಿಂದ ಭಾರಕ್ಕೆ ಸಾಲಾಗಿ ಜೋಡಿಸಿ. ಅತಿ ಹಗುರವಾದದ್ದು ಬಾಲಕ್ಕೆ, ಅದರ ನಂತರದ್ದು ರೆಕ್ಕೆಯ ಹೊರ ಅರ್ಧಕ್ಕೆ, ಭಾರವಾದದ್ದು ಫ್ಯೂಸಲೇಜಿನ (ವಿಮಾನದ ಒಡಲಿನ) ಮುಂಭಾಗಕ್ಕೆ ಮತ್ತು ರೆಕ್ಕೆಯ ಉದ್ದಕ್ಕೂ ಹೊರೆ ಹೊರುವ ಸ್ಪಾರ್ ಪಟ್ಟಿಗೆ. ಎಡ ಬಲ ರೆಕ್ಕೆಗಳಿಗೆ ಒಂದೇ ತೂಕದ ಜೋಡಿಗಳನ್ನು ಹಂಚಿ, ಇಲ್ಲದಿದ್ದರೆ ಕೊನೆಗೆ ಹಗುರವಾದ ರೆಕ್ಕೆ ತುದಿಗೆ ಸೀಸ ಅಂಟಿಸಬೇಕಾಗುತ್ತದೆ. ಬಾಲ್ಸಾ ತೇವ ಹೀರುತ್ತದೆ. ಮಳೆಗಾಲದಲ್ಲಿ ತೂಗುವುದಾದರೆ ಹಾಳೆಗಳನ್ನು ಒಣ ಕೋಣೆಯಲ್ಲಿ ಕೆಲವು ದಿನ ಇಟ್ಟು ತೂಗಿ, ಇಲ್ಲವಾದರೆ ನೀರನ್ನೇ ಮರ ಎಂದು ಲೆಕ್ಕ ಹಾಕಿದಂತಾಗುತ್ತದೆ.

ತೂಕದಷ್ಟೇ ಮುಖ್ಯವಾದದ್ದು ಮರ ಸೀಳಿದ ರೀತಿ. ಮೇಲ್ಮೈಯಲ್ಲಿ ಮಿನುಗುವ ಚುಕ್ಕೆಗಳಿದ್ದು ಅಡ್ಡಲಾಗಿ ಬಗ್ಗಿಸಿದರೆ ಬಗ್ಗದೆ ಮುರಿಯುವ ಹಾಳೆ ಸಿ-ಗ್ರೇನ್. ಅದು ರಿಬ್‌ಗಳಿಗೆ (ಆಕಾರ ಕೊಡುವ ಅಡ್ಡ ಪಟ್ಟಿಗಳಿಗೆ), ಎಲಿವೇಟರಿನ ಮೇಲ್ಮೈಗೆ ಸರಿ. ಸುಲಭವಾಗಿ ಕೊಳವೆಯಂತೆ ಸುತ್ತಿಕೊಳ್ಳುವುದು ಎ-ಗ್ರೇನ್, ಫ್ಯೂಸಲೇಜಿನ ಬೆನ್ನಿಗೆ, ರೆಕ್ಕೆಯ ಮುಂದಿನ ಅಂಚಿಗೆ. ಹಗುರವಾದ ಸಿ-ಗ್ರೇನ್ ಹಾಳೆ, ಅದಕ್ಕಿಂತ ಭಾರವಾದ ಎ-ಗ್ರೇನ್ ಹಾಳೆಗಿಂತ ಅಡ್ಡಲಾಗಿ ಗಟ್ಟಿಯಾಗಿರುತ್ತದೆ. ಇದು ತಿಳಿಯದೆ ಬರೀ ತೂಕ ನೋಡಿ ಆರಿಸಿದರೆ ಮೆತ್ತಗಿನ ರಡ್ಡರ್ ಆಗುತ್ತದೆ, ವೇಗದಲ್ಲಿ ಫ್ಲಟರ್, ಅಂದರೆ ಹಿಡಿತಕ್ಕೆ ಸಿಗದ ಪಟಪಟ ಕಂಪನ, ಬರುತ್ತದೆ.

ಫೋಮ್ ಕೋರ್ ರೆಕ್ಕೆಯ, ಅಂದರೆ ಥರ್ಮೋಕೋಲ್ ತಿರುಳಿನ ಮೇಲೆ ಬಾಲ್ಸಾ ಹಾಳೆ ಅಂಟಿಸಿದ ರೆಕ್ಕೆಯ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅತಿ ಹೆಚ್ಚು ತೂಕ ಸದ್ದಿಲ್ಲದೆ ಸೇರುವುದು ಅಲ್ಲೇ. ಮೇಲೆ ಕೆಳಗೆ ಎರಡೂ ಸೇರಿದರೆ ಹೊದಿಸಬೇಕಾದ ವಿಸ್ತೀರ್ಣ 2.4 ಚದರ ಮೀಟರ್. 2.5 ಮಿಲಿಮೀಟರ್ ಹಾಳೆ, 100ರ ಸಾಂದ್ರತೆ ಎಂದರೆ 600 ಗ್ರಾಂ. ಅದೇ 160ರ ಹಾಳೆಯಾದರೆ 960. ಅದರ ಮೇಲೆ ಅಂಟಿನ ಲೆಕ್ಕ ಬರುತ್ತದೆ. ಲ್ಯಾಮಿನೇಟಿಂಗ್ ಎಪಾಕ್ಸಿಯನ್ನು ಚದರ ಮೀಟರಿಗೆ 100 ಗ್ರಾಮಿನಂತೆ ಹಚ್ಚಿದರೆ 240 ಗ್ರಾಂ, ಕೈ ಸಡಿಲ ಬಿಟ್ಟು 200ರಂತೆ ಹಚ್ಚಿದರೆ 480. ಅಂಟನ್ನು ಫೋಮಿಗೆ ಹಚ್ಚಬೇಡಿ, ಮಣಿಗಳ ಸಂದುಗಳೆಲ್ಲ ಅದನ್ನು ಕುಡಿದುಬಿಡುತ್ತವೆ. ಬಾಲ್ಸಾ ಹಾಳೆಗೆ ಹಚ್ಚಿ, ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಮರದ ಗೆರೆ ಸ್ಪಷ್ಟವಾಗಿ ಕಾಣುವವರೆಗೂ ಎಳೆದು ತೆಗೆಯಿರಿ. ಮೇಲ್ಮೈ ಒದ್ದೆ ಹೊಳಪಿನಲ್ಲಿರಬೇಕು, ಎಲ್ಲೂ ಅಂಟು ನಿಂತಿರಬಾರದು. ಅಂಟು ಬೆರೆಸಿದ ಲೋಟವನ್ನೂ ಕಾರ್ಡನ್ನೂ ಮೊದಲು ಸೇರಿಸಿ ತೂಗಿ, ಕೊನೆಯಲ್ಲಿ ಲೋಟ, ಕಾರ್ಡ್, ಕೆರೆದು ತೆಗೆದ ಅಂಟು ಎಲ್ಲವನ್ನೂ ಸೇರಿಸಿ ತೂಗಿ. ನಡುವಿನ ವ್ಯತ್ಯಾಸವೇ ರೆಕ್ಕೆಯೊಳಗೆ ಹೋದ ಅಂಟು. ನೀರಿನಿಂದ ಗಟ್ಟಿಯಾಗುವ ಪಾಲಿಯುರೆಥೇನ್ ಅಂಟಿನಲ್ಲಿ ಇನ್ನೂ ಕಡಿಮೆಗೆ ಮುಗಿಸಬಹುದು. ಆದರೆ ಅದು ಉಬ್ಬಿ ಹಾಳೆಯನ್ನು ಮೇಲಕ್ಕೆ ತಳ್ಳುತ್ತದೆ, ಮೇಲಿನಿಂದ ಒತ್ತಡ ಎಲ್ಲ ಕಡೆ ಸಮನಾಗಿ ಇರಲೇಬೇಕು. ವ್ಯಾಕ್ಯೂಮ್ ಬ್ಯಾಗ್ ಬಳಸುವವರು 0.2ರಿಂದ 0.3 ಬಾರ್‌ನಲ್ಲೇ ನಿಲ್ಲಿಸಿ. ಅದಕ್ಕಿಂತ ಎಳೆದರೆ ಹಗುರ ಥರ್ಮೋಕೋಲ್ ಕುಗ್ಗುತ್ತದೆ, ಏರ್‌ಫಾಯಿಲ್ (ರೆಕ್ಕೆಯ ಅಡ್ಡಕೊಯ್ತದ ಆಕಾರ) ತೆಳ್ಳಗಾಗುತ್ತದೆ. ಸಾಧಾರಣ ಸಯನೋ ಅಂಟು ಥರ್ಮೋಕೋಲನ್ನು ಕರಗಿಸಿಬಿಡುತ್ತದೆ, ಆ ಡಬ್ಬಿ ಹತ್ತಿರವೇ ಬೇಡ.

ಕೋರ್ ಸಾಂದ್ರತೆ 16 ಇದ್ದರೆ ಎರಡೂ ರೆಕ್ಕೆಗಳ ಫೋಮ್ ಸುಮಾರು 700 ಗ್ರಾಂ. ಬಿಸಿ ತಂತಿಯಿಂದ ಒಳಗೆ ರಂಧ್ರ ಕೊರೆದು, ಗೋಡೆ 15ರಿಂದ 20 ಮಿಲಿಮೀಟರ್ ಉಳಿಸಿದರೆ ಮೂರನೇ ಒಂದು ಭಾಗ ಹೊರಗೆ ಬರುತ್ತದೆ. ರೆಕ್ಕೆ ಟ್ಯೂಬಿನ ಸುತ್ತ, ಏಲೆರಾನ್ (ರೆಕ್ಕೆಯ ಹಿಂಬದಿಯ ಚಲಿಸುವ ಭಾಗ) ಸರ್ವೋ ಕೂರುವ ಜಾಗದಲ್ಲಿ, ಹಿಂಜ್ ಸಾಲಿನಲ್ಲಿ ಮಾತ್ರ ಕೊರೆಯಬೇಡಿ. ಬೇರೆಡೆ ಗೋಡೆಯನ್ನು 10 ಮಿಲಿಮೀಟರಿಗೆ ಇಳಿಸುವ ಆಸೆಯೂ ಬೇಡ. ವಿಮಾನ ಎತ್ತುವಾಗ ಬೆರಳು ಒತ್ತಿದ ಕಡೆಯೆಲ್ಲ ಹಾಳೆ ತಗ್ಗಾಗುತ್ತದೆ.

ಎರಡೂ ರೆಕ್ಕೆಗಳನ್ನು ಒಡಲಿಗೆ ಜೋಡಿಸುವ ರೆಕ್ಕೆ ಟ್ಯೂಬ್: 32 ಮಿಲಿಮೀಟರ್ ಹೊರವ್ಯಾಸ, ಒಂದು ಮಿಲಿಮೀಟರ್ ಗೋಡೆ, ಒಂದು ಮೀಟರ್ ಉದ್ದದ್ದು ಅಲ್ಯುಮಿನಿಯಮ್ ಆದರೆ 263 ಗ್ರಾಂ, ಕಾರ್ಬನ್ ಆದರೆ 150. ಗುರುತ್ವ ಕೇಂದ್ರದ ಹತ್ತಿರವೇ ಇರುವುದರಿಂದ ಉಳಿತಾಯ ಶುದ್ಧ ಉಳಿತಾಯ. ದುಡ್ಡು ಖರ್ಚು ಮಾಡಿ ತೂಕ ಇಳಿಸುವುದಿದ್ದರೆ ಮೊದಲು ಇಲ್ಲಿ, ಆಮೇಲೆ ಕಾರ್ಬನ್ ಲ್ಯಾಂಡಿಂಗ್ ಗೇರಿನಲ್ಲಿ. ಕಾರ್ಬನ್ ಸ್ಪಿನ್ನರಿಗೆ ಅವಸರವಿಲ್ಲ. ಬಾಲ ಎಷ್ಟು ಹಗುರವಾಯಿತು ಎಂದು ತಿಳಿಯುವವರೆಗೂ ಮೂಗಿನ ತೂಕವನ್ನು ಮುಟ್ಟಬಾರದು. ಮೂಗಿನಲ್ಲಿ 100 ಗ್ರಾಂ ಉಳಿಸಿ, ಅದೇ ಜಾಗಕ್ಕೆ 100 ಗ್ರಾಂ ಸೀಸ ಕಟ್ಟುವುದು ದುಡ್ಡು ದಂಡ.

ಫ್ಯೂಸಲೇಜಿನಲ್ಲಿ ಬರ್ಚ್ ಪ್ಲೈ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಅದರ ಸಾಂದ್ರತೆ 680ರ ಆಸುಪಾಸು, ಪಾಪ್ಲರ್ ಲೈಟ್ ಪ್ಲೈ 400ರಿಂದ 450. ಬರ್ಚ್ ಬೇಕಾದ ಜಾಗಗಳು ಮೂರೇ: ಫೈರ್‌ವಾಲ್ (ಎಂಜಿನ್ ಕೂರುವ ಮುಂದಿನ ಗೋಡೆ), ಗೇರ್ ಪ್ಲೇಟ್, ಬೋಲ್ಟ್ ಕಚ್ಚುವ ಸಣ್ಣ ತುಂಡುಗಳು. ರೆಕ್ಕೆಯ ಹಿಂದಿನ ಫಾರ್ಮರ್‌ಗಳಿಗೆ (ಒಡಲಿಗೆ ಆಕಾರ ಕೊಡುವ ಅಡ್ಡ ಚೌಕಟ್ಟುಗಳಿಗೆ) ಬಾಲ್ಸಾ ಸಾಕು, ಬೇಕಿದ್ದಲ್ಲಿ ಅಂಚಿಗೆ ತೆಳು ಕಾರ್ಬನ್ ಪಟ್ಟಿ. ತೂಕ ಇಳಿಸಲು ಕತ್ತರಿಸುವ ಕಿಂಡಿಗಳ ಮೂಲೆ ದುಂಡಗಿರಲಿ, ಕನಿಷ್ಠ 6 ಮಿಲಿಮೀಟರ್ ತ್ರಿಜ್ಯ. ಚೂಪು ಮೂಲೆಯಲ್ಲಿ ಒತ್ತಡ ಒಂದೇ ಬಿಂದುವಿಗೆ ಸೇರುತ್ತದೆ, ಬಿರುಕು ಅಲ್ಲಿಂದಲೇ ಹೊರಡುತ್ತದೆ. ಕಿಂಡಿಗಳ ನಡುವೆ 10ರಿಂದ 12 ಮಿಲಿಮೀಟರ್ ಮರ ಉಳಿಯಲಿ.

ಎಂಜಿನ್ ಬಾಕ್ಸಿನಲ್ಲಿ ಮಾತ್ರ ಜಿಪುಣತನ ಬೇಡ. ದೊಡ್ಡ ಪೆಟ್ರೋಲ್ ಎಂಜಿನ್ನಿನ ನಡುಕ ಪ್ಲೈಯ ಪದರಗಳನ್ನೂ ಅಂಟಿನ ಸಂದುಗಳನ್ನೂ ನಿಧಾನವಾಗಿ ಸಡಿಲಿಸುತ್ತದೆ. 6 ಮಿಲಿಮೀಟರ್ ಬರ್ಚ್ ಫೈರ್‌ವಾಲ್, ಒಳಮೂಲೆಗಳಲ್ಲಿ ತ್ರಿಕೋನ ಮರ, ಬದಿಯಿಂದ ಕೊರೆದು ಎಪಾಕ್ಸಿಯಲ್ಲಿ ಕೂರಿಸಿದ ಗಟ್ಟಿ ಮರದ ಪಿನ್‌ಗಳು: ಇಷ್ಟಕ್ಕೆ ತಗಲುವುದು ಕೆಲವೇ ಹತ್ತು ಗ್ರಾಂ, ಅದೂ ಮೂಗಿನ ಬಳಿ. ಗೇರ್ ಪ್ಲೇಟಿಗೂ ಇದೇ ಮಾತು. ಅದು ಕಿತ್ತು ಬರುವುದು ಪ್ಲೇಟ್ ತೆಳುವಾದ್ದರಿಂದಲ್ಲ, ಪ್ಲೇಟ್ ಹಿಡಿದ ಫಾರ್ಮರ್‌ಗಳಿಂದ ಹೊರೆ ಬದಿಯ ಗೋಡೆಗೆ ಹರಿಯಲು ದಾರಿ ಇಲ್ಲದ್ದರಿಂದ.

ಸರ್ವೋಗಳು ಒಂದೊಂದೂ 60ರಿಂದ 75 ಗ್ರಾಂ. ಎಲಿವೇಟರ್ ಸರ್ವೋಗಳನ್ನು ಬಾಲದಲ್ಲೇ ಇಡುವುದು ವಾಡಿಕೆ, ಚಿಕ್ಕ ಗಟ್ಟಿ ರಾಡ್ ಸಿಗುತ್ತದೆ ಎಂಬ ಕಾರಣಕ್ಕೆ. ಅದು ನ್ಯಾಯವೇ. ಉದ್ದನೆಯ ರಾಡ್ ಬಳುಕಿ ಎಲಿವೇಟರಿಗೆ ಫ್ಲಟರ್ ಬಂದರೆ ವಿಮಾನವೇ ಹೋಗುತ್ತದೆ. ರಡ್ಡರ್ ಸರ್ವೋವನ್ನು ಮಾತ್ರ ಗುರುತ್ವ ಕೇಂದ್ರದ ಹಿಂದೆಯೇ ಇಟ್ಟು ಎರಡೂ ಕಡೆ ಕೇಬಲ್ ಎಳೆಯಿರಿ. ಸರ್ವೋ ತೋಳಿನ ಎರಡು ರಂಧ್ರಗಳ ಅಂತರ ರಡ್ಡರ್ ಹಾರ್ನಿನ ಅಂತರಕ್ಕೆ ಸಮನಾಗಿರಲಿ, ಹಾರ್ನಿನ ರಂಧ್ರ ಹಿಂಜ್ ರೇಖೆಯ ಮೇಲೇ ಬರಲಿ. ತಪ್ಪಿದರೆ ರಡ್ಡರ್ ತಿರುಗಿದಾಗ ಒಂದು ಕೇಬಲ್ ಸಡಿಲವಾಗುತ್ತದೆ, ಇಲ್ಲವೇ ಎರಡೂ ಬಿಗಿದು ಸರ್ವೋ ಬಿಸಿಯಾಗುತ್ತದೆ. ಇಗ್ನಿಷನ್ನಿಗೆ ಪ್ರತ್ಯೇಕ ಬ್ಯಾಟರಿಯ ಬದಲು ಆಪ್ಟಿಕಲ್ ಕಟ್‌ಆಫ್ (ಬೆಳಕಿನ ಮೂಲಕ ಇಗ್ನಿಷನ್ ನಿಲ್ಲಿಸುವ ಸ್ವಿಚ್) ಇರುವ ರೆಗ್ಯುಲೇಟರ್ ಹಾಕಿ ರಿಸೀವರ್ ಬ್ಯಾಟರಿಯಿಂದಲೇ ಕರೆಂಟ್ ಕೊಟ್ಟರೆ ಒಂದು ಪ್ಯಾಕ್ ಉಳಿಯುತ್ತದೆ. ಆದರೆ ರಿಸೀವರಿಗೆ ಎರಡು ಪ್ಯಾಕ್ ಇರಲೇಬೇಕು. ಆ 100 ಗ್ರಾಂ ಉಳಿಸಲು ಹೋಗಬೇಡಿ, ಒಂದು ಕನೆಕ್ಟರ್ ಕೈಕೊಟ್ಟರೂ ನೆಲಕ್ಕೆ ಬರುವುದು 12 ಕಿಲೋ. ಪೆಟ್ರೋಲ್ ಟ್ಯಾಂಕನ್ನು ಗುರುತ್ವ ಕೇಂದ್ರದಲ್ಲೇ ಕೂರಿಸಿ. ಒಂದು ಲೀಟರ್ ಪೆಟ್ರೋಲ್ ಎಂದರೆ ಸುಮಾರು 740 ಗ್ರಾಂ, ಅದು ಬೇರೆ ಕಡೆ ಇದ್ದರೆ ಹಾರಾಟದ ಶುರುವಿನಲ್ಲೊಂದು ಟ್ರಿಮ್ (ನೇರ ಹಾರಾಟಕ್ಕೆ ಮಾಡುವ ಹೊಂದಿಕೆ), ಕೊನೆಯಲ್ಲೊಂದು ಟ್ರಿಮ್.

ಹೊದಿಕೆಯ ಫಿಲ್ಮ್ ಚದರ ಮೀಟರಿಗೆ 60ರಿಂದ 70 ಗ್ರಾಂ, ಒಟ್ಟು 4.7 ಚದರ ಮೀಟರಿಗೆ ಸುಮಾರು 300 ಗ್ರಾಂ. ಪಾರದರ್ಶಕವಾದದ್ದು ಹಗುರ. ಬಣ್ಣದ ಮೇಲೆ ಬಣ್ಣ ಹಾಕುವ ಬದಲು ಅಂಚಿಗೆ ಅಂಚು, 5 ಮಿಲಿಮೀಟರ್ ಮಾತ್ರ ಒಂದರ ಮೇಲೊಂದು ಬರುವಂತೆ ಜೋಡಿಸಿ. ಕೌಲಿಗೆ ದಪ್ಪ ಬಣ್ಣ ಬಿದ್ದರೆ ಮೂಗಿನಲ್ಲಿದೆ ಎಂದು ಕ್ಷಮಿಸಬಹುದು, ರಡ್ಡರಿನ ಮೇಲಿನ ಮೂರು ಪದರದ ಚಿತ್ತಾರವನ್ನು ಕ್ಷಮಿಸಲಾಗದು.

ಫಿಲ್ಮ್ ಹಾಕುವ ಮೊದಲು ವಿಮಾನವನ್ನು ಪೂರ್ತಿ ಜೋಡಿಸಿ, ಎಂಜಿನ್, ಸರ್ವೋ, ಗೇರ್ ಎಲ್ಲ ಇಟ್ಟು ಗುರುತ್ವ ಕೇಂದ್ರ ನೋಡಿ. ಫಿಲ್ಮಿನ ತೂಕದ ಹೆಚ್ಚಿನ ಪಾಲು ಕೇಂದ್ರದ ಹಿಂದೆ ಬೀಳುವುದರಿಂದ ಈ ಹಂತದಲ್ಲಿ ಮೂಗು ಸ್ವಲ್ಪ ಭಾರವಿರಬೇಕು. ಬಾಲ ಭಾರವಿದ್ದರೆ ಬ್ಯಾಟರಿಗಳನ್ನು ಫೈರ್‌ವಾಲಿನ ಹಿಂದೆಯೇ ಇಡಿ. ಅದಕ್ಕೂ ಬಗ್ಗದಿದ್ದರೆ ಸೀಸ ಹುಡುಕಬೇಡಿ, ಸ್ಟೆಬಿಲೈಜರ್ ಮತ್ತು ಎಲಿವೇಟರನ್ನು ಮತ್ತೆ ಹಗುರ ಮರದಲ್ಲಿ ಕಟ್ಟಿ. ಒಂದೆರಡು ವಾರಾಂತ್ಯದ ಕೆಲಸ ಅದು, ಮೂಗಿನ ಸೀಸವೂ ಸೇರಿ 300, 400 ಗ್ರಾಂ ಇಳಿಯುತ್ತದೆ. ಮುಂದೆ ಯಾವಾಗಲಾದರೂ ಬಾಲಕ್ಕೆ ಪೆಟ್ಟಾಗಿ ರಿಪೇರಿ ಮಾಡುವಾಗಲೂ ತುಂಡಾದ ಭಾಗವನ್ನು ತೂಗಿ ಬರೆದಿಡಿ, ಹೊಸದು ಅದನ್ನು ಮೀರದಂತೆ ಕಟ್ಟಿ. ಎಪಾಕ್ಸಿ ತುಂಬಿ ಮುಚ್ಚಿದ ಬಿರುಕಿನ 20 ಗ್ರಾಂ ಅಲ್ಲಿ 80 ಗ್ರಾಂ.